ಸಂಜೆಯ ಪಡುವಣದಲ್ಲಿ ಚಂದ್ರ ಮತ್ತು ಗ್ರಹಗಳ ಕೂಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಸೂರ್ಯಾಸ್ತದ ನಂತರ ಚಂದ್ರನೂ ಒಂದೆರಡು ಗ್ರಹಗಳೂ ಪಶ್ಚಿಮದಲ್ಲಿ ಒತ್ತಾಗಿ ಕಾಣುವ ನೋಟದ ಬಗ್ಗೆ ಬಂದಿರುವ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ‘ಇಂದು ರಾತ್ರಿ ಚಂದ್ರ, ಶುಕ್ರ, ಬುಧ ಒಟ್ಟಿಗೆ ಕಾಣಿಸುತ್ತವೆ’ ಎಂಬ ಸಂದೇಶ ಮೊಬೈಲಿಗೆ ಬಂದಿತ್ತು. ಊಟ ಮುಗಿಸಿ ಎಂಟೂವರೆಗೆ ಹಾಸ್ಟೆಲಿನ ಮಕ್ಕಳನ್ನು ತಾರಸಿಗೆ ಕರೆದುಕೊಂಡು ಹೋದರೆ ಏನೂ ಕಾಣಲಿಲ್ಲ. ಇಂಥ ನೋಟ ಯಾವಾಗ, ಎಲ್ಲಿ ಸಿಗುತ್ತದೆ ಎಂಬುದನ್ನು ನಾವೇ ತಿಳಿದುಕೊಳ್ಳಲು ದಾರಿ ಇದೆಯೇ?
– ಶಿಕ್ಷಕಿ, ತುಮಕೂರು ಜಿಲ್ಲೆ

ಉತ್ತರ: ನೀವು ತಾರಸಿಗೆ ಹೋಗುವ ಹೊತ್ತಿಗೆ ಬುಧನಂತೂ ಖಂಡಿತ ಮುಳುಗಿರುತ್ತದೆ. ಸಂದೇಶ ಬರೆದವರು ‘ರಾತ್ರಿ’ ಎಂದು ಬರೆದದ್ದೇ ದಾರಿ ತಪ್ಪಿಸಿದೆ, ಏಕೆಂದರೆ ಈ ಕೂಟಗಳಲ್ಲಿ ಹೆಚ್ಚಿನವು ರಾತ್ರಿಯವಲ್ಲ, ಮುಸ್ಸಂಜೆಯವು. ಬುಧ ಸೂರ್ಯನಿಂದ ಹೆಚ್ಚೆಂದರೆ 28 ಡಿಗ್ರಿ ದೂರ ಸರಿಯಬಲ್ಲದು, ಅನೇಕ ಸಲ 18 ಡಿಗ್ರಿಗೇ ಹಿಂದಿರುಗುತ್ತದೆ. ಆಕಾಶ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಆದ್ದರಿಂದ ಸೂರ್ಯನಿಂದ 15 ಡಿಗ್ರಿ ಆಚೆ ಇರುವ ಗ್ರಹ, ಸೂರ್ಯ ಮುಳುಗಿದ ಸರಿಸುಮಾರು ಒಂದು ಗಂಟೆಯಲ್ಲಿ ತಾನೂ ಮುಳುಗುತ್ತದೆ. ಶುಕ್ರನ ಮಿತಿ 47 ಡಿಗ್ರಿ. ಅದು ತನ್ನ ತುದಿಯಲ್ಲಿರುವಾಗ ಮಾತ್ರ ಸೂರ್ಯಾಸ್ತದ ನಂತರ ಮೂರು ಗಂಟೆಯ ಆಸುಪಾಸಿನವರೆಗೆ ಉಳಿಯುತ್ತದೆ.

ದಿನವನ್ನು ಮೊದಲೇ ತಿಳಿಯುವ ಉಪಾಯ ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲೇ ಇದೆ. ತಿಥಿ ಎಂಬುದು ಸೂರ್ಯ ಮತ್ತು ಚಂದ್ರರ ನಡುವಿನ ಕೋನದ ಲೆಕ್ಕ. ಅಮಾವಾಸ್ಯೆಯ ಕೊನೆಯಲ್ಲಿ ಸೊನ್ನೆಯಿರುವ ಈ ಅಂತರ 12 ಡಿಗ್ರಿ ಬೆಳೆದಾಗ ಪಾಡ್ಯ ಮುಗಿಯುತ್ತದೆ, 24ಕ್ಕೆ ಬಿದಿಗೆ, 36ಕ್ಕೆ ತದಿಗೆ, 48ಕ್ಕೆ ಚೌತಿ. ಶುಕ್ರ 47 ಡಿಗ್ರಿ ದಾಟಲಾರದ ಕಾರಣ, ಸಂಜೆಯ ಆಕಾಶದಲ್ಲಿ ಚಂದ್ರನೂ ಶುಕ್ರನೂ ಸಂಧಿಸುವುದು ಯಾವಾಗಲೂ ಶುಕ್ಲ ಚೌತಿಯ ಒಳಗೇ. ಬುಧನ ಜೊತೆಗಿನ ಭೇಟಿ ತದಿಗೆಯನ್ನು ದಾಟುವುದಿಲ್ಲ. ಶುಕ್ರ ಸಂಜೆ ಕಾಣುತ್ತಿರುವ ತಿಂಗಳುಗಳಲ್ಲಿ, ಅಮಾವಾಸ್ಯೆ ಕಳೆದ ಮೂರು ನಾಲ್ಕು ಸಂಜೆಗಳನ್ನು ಮೀಸಲಿಟ್ಟರೆ ಸಾಕು, ಯಾವ ಸಂದೇಶಕ್ಕೂ ಕಾಯಬೇಕಿಲ್ಲ. ಒಂದು ಎಚ್ಚರಿಕೆ: ಕ್ಯಾಲೆಂಡರಿನಲ್ಲಿ ಅಚ್ಚಾಗಿರುವುದು ಸಾಮಾನ್ಯವಾಗಿ ಸೂರ್ಯೋದಯದ ತಿಥಿ, ಸಂಜೆಯ ಹೊತ್ತಿಗೆ ಅದು ಮುಂದಿನದಕ್ಕೆ ಹೊರಳಿರಬಹುದು.

ಶುಕ್ರ ಅಥವಾ ಗುರು ಈಗ ಕಾಣುವ ಸ್ಥಿತಿಯಲ್ಲಿದೆಯೇ ಎಂಬುದನ್ನೂ ಪಂಚಾಂಗ ಹೇಳುತ್ತದೆ. ಮದುವೆಯ ಮುಹೂರ್ತ ಕೇಳಲು ಹೋದವರಿಗೆ ‘ಈಗ ಶುಕ್ರ ಮೌಢ್ಯ ಇದೆ’ ಎಂಬ ಉತ್ತರ ಸಿಕ್ಕಿರುತ್ತದೆ. ಆ ಗ್ರಹ ಸೂರ್ಯನಿಗೆ ತೀರ ಸಮೀಪ ಬಂದು ಅದರ ಬೆಳಕಿನಲ್ಲಿ ಅಡಗಿದೆ ಎಂಬುದೇ ಆ ಮಾತಿನ ಖಗೋಳದ ತಿರುಳು. ಮೌಢ್ಯ ಕಳೆದು ಶುಕ್ರ ಪಶ್ಚಿಮದಲ್ಲಿ ಉದಯಿಸಿತು ಎಂದು ಬರೆದಿದ್ದರೆ, ಮುಂದಿನ ಹಲವು ತಿಂಗಳು ನಮ್ಮ ಹಳ್ಳಿಗಳಲ್ಲಿ ಬೆಳ್ಳಿ ಎಂದು ಕರೆಯುವ ಆ ಚುಕ್ಕಿ ಸಂಜೆಯ ಪಾಲಿಗೆ ಬಂತೆಂದು ತಿಳಿಯಿರಿ.

ಇನ್ನು ಜಾಗ ಮತ್ತು ಸಮಯ. ಪಶ್ಚಿಮದ ದಿಗಂತ ಮರಗಳಿಲ್ಲದೆ ತೆರೆದಿರಬೇಕು. ಊರಿನ ಪಶ್ಚಿಮಕ್ಕೆ ಕೆರೆಯಿದ್ದು ಅದರ ಏರಿಯ ಮೇಲೆ ನಿಲ್ಲುವಂತಿದ್ದರೆ ತಾರಸಿಗಿಂತ ಅದೇ ಲೇಸು, ಮಕ್ಕಳಿದ್ದಾರೆಂದರೆ ನೀರಿನಿಂದ ದೂರ ನಿಲ್ಲಿಸಿಕೊಳ್ಳಿ. ಸೂರ್ಯ ಮುಳುಗಿದ ಹತ್ತು ನಿಮಿಷಕ್ಕೆ ಶುಕ್ರ ಕಣ್ಣಿಗೆ ಬೀಳುತ್ತದೆ, ಆಮೇಲೆ ಗುರು. ಬುಧ, ಶನಿ, ಮಂಗಳ ಕಾಣಲು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು. ಅಂದರೆ ಸೂರ್ಯಾಸ್ತದ ನಂತರದ 30ರಿಂದ 50ನೇ ನಿಮಿಷದ ನಡುವಿನ ಹೊತ್ತು ಬಹು ಮುಖ್ಯ. ಆ ಮೊದಲು ಬೆಳಕು ಹೆಚ್ಚು, ಅನಂತರ ಗ್ರಹ ದಿಗಂತದ ಮಬ್ಬಿಗೆ ಇಳಿದಿರುತ್ತದೆ. ಊಟದ ಗಂಟೆಯನ್ನು ಹಿಂದಕ್ಕೆ ಹಾಕಿಯಾದರೂ ಮಕ್ಕಳಿಗೆ ಬುಧನನ್ನು ತೋರಿಸಿ. ಕರ್ನಾಟಕದಲ್ಲಿರುವವರಿಗೆ ಅದು ಸುಲಭ. ಗ್ರಹಗಳು ಸಾಗುವ ಪಥವಾದ ಕ್ರಾಂತಿವೃತ್ತ ನಮ್ಮ ಅಕ್ಷಾಂಶದಲ್ಲಿ, ಅದರಲ್ಲೂ ಮಾರ್ಚ್ ತಿಂಗಳ ಸಂಜೆಗಳಲ್ಲಿ, ದಿಗಂತದಿಂದ ಬಹುತೇಕ ನೆಟ್ಟಗೆ ಮೇಲೇಳುತ್ತದೆ. ಉತ್ತರ ಯೂರೋಪಿನವರಿಗೆ ಸೆಪ್ಟೆಂಬರಿನ ಸಂಜೆ ಅದೇ ಪಥ ನೆಲಕ್ಕೆ ಒರಗಿದಂತಿರುತ್ತದೆ, ಅವರು ಬುಧನಿಗಾಗಿ ಪಡುವ ಪಾಡು ನಮಗಿಲ್ಲ.

ಪ್ರಶ್ನೆ: ಆಕಾಶದಲ್ಲಿ ತಾಗಿಕೊಂಡಂತೆ ಕಾಣುವ ಗ್ರಹಗಳು ನಿಜಕ್ಕೂ ಹತ್ತಿರ ಬಂದಿರುತ್ತವೆಯೇ? ‘ಇಷ್ಟು ಡಿಗ್ರಿ ಅಂತರ’ ಎಂದು ಪತ್ರಿಕೆಯಲ್ಲಿ ಬರೆಯುತ್ತಾರಲ್ಲ, ಅದನ್ನು ಕಣ್ಣಳತೆಯಲ್ಲಿ ತಿಳಿಯುವುದು ಹೇಗೆ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಧಾರವಾಡ

ಉತ್ತರ: ಹತ್ತಿರ ಬಂದಿರುವುದಿಲ್ಲ. ಬೀದಿಯ ಕಂಬದ ದೀಪವೂ ದೂರದ ಬೆಟ್ಟದ ಮೇಲಿನ ದೀಪವೂ ಒಂದೇ ನೇರದಲ್ಲಿ ಸಿಕ್ಕಾಗ ಅಕ್ಕಪಕ್ಕದಲ್ಲಿದ್ದಂತೆ ಕಾಣುವ ಹಾಗೆ, ಇದೂ ನಮ್ಮ ನೋಟದ ನೇರದಲ್ಲಿ ಆಗುವ ಜೋಡಣೆ. ಇದನ್ನೇ ಯುತಿ ಎನ್ನುತ್ತಾರೆ. 2020ರ ಡಿಸೆಂಬರ್ 21ರ ಸಂಜೆ ಗುರು ಮತ್ತು ಶನಿಯ ಮಹಾಯುತಿ ನಡೆದಾಗ ಅವುಗಳ ನಡುವೆ ಕಂಡ ಅಂತರ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ಮಾತ್ರ, ಪೂರ್ಣಚಂದ್ರನ ಅಗಲದ ಐದನೇ ಒಂದು ಭಾಗ. ಆ ದಿನ ಭೂಮಿಯಿಂದ ಗುರು ಸುಮಾರು 89 ಕೋಟಿ ಕಿಲೋಮೀಟರ್ ದೂರದಲ್ಲಿದ್ದರೆ ಶನಿ 162 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಅವುಗಳ ನಡುವಿನ ಅಂತರವೇ 70 ಕೋಟಿಗಿಂತ ಹೆಚ್ಚು. ಕಣ್ಣಿಗೆ ಒಟ್ಟಿಗೆ ಬಿದ್ದ ಎರಡು ಬೆಳಕಿನಲ್ಲಿ ಒಂದು 50 ನಿಮಿಷ ಹಳೆಯದು, ಇನ್ನೊಂದು ಒಂದೂವರೆ ಗಂಟೆ ಹಳೆಯದು. ಇದನ್ನು ತಿಳಿದು ನೋಡಿದರೆ ನೋಟದ ಸೊಗಸು ಹೆಚ್ಚುತ್ತದೆ ಎಂದೇ ನನ್ನ ಭಾವನೆ: ಚಪ್ಪಟೆಯಾಗಿ ಕಾಣುವ ಆಕಾಶಕ್ಕೆ ಆಳ ಬರುತ್ತದೆ.

ಆ ಯುತಿ ಅಪರೂಪದ್ದು. ಗುರು ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ, ಶನಿಗೆ ಸುಮಾರು 29 ವರ್ಷ 6 ತಿಂಗಳು ಬೇಕಾಗುವುದರಿಂದ ಗುರು 20 ವರ್ಷಕ್ಕೊಮ್ಮೆ ಶನಿಯನ್ನು ಹಿಂದೆ ಹಾಕುತ್ತದೆ. ಆದರೆ ಪ್ರತಿ ಸಲವೂ ಅಷ್ಟು ಒತ್ತಾಗಿ ಕಾಣುವುದಿಲ್ಲ. 1623ರಲ್ಲಿ ಅಷ್ಟು ಸಮೀಪ ಕಂಡಿದ್ದಾಗ ಅವು ಸೂರ್ಯನ ಪಕ್ಕದಲ್ಲೇ ಇದ್ದವು, ಅಷ್ಟೇ ಹತ್ತಿರದ ಮುಂದಿನ ಯುತಿ 2080ರ ಮಾರ್ಚಿನಲ್ಲಿ. ಶುಕ್ರ ಮತ್ತು ಗುರುವಿನ ಯುತಿ ಇದಕ್ಕಿಂತ ಬಹಳ ಸಾಮಾನ್ಯ. 2023ರ ಮಾರ್ಚ್ ಮೊದಲ ದಿನಗಳಲ್ಲಿ ಅವು ಅರ್ಧ ಡಿಗ್ರಿ ಅಂತರಕ್ಕೆ ಬಂದದ್ದನ್ನು ಹಲವರು ನೋಡಿದ್ದೀರಿ.

ಅಳತೆಗೆ ನಿಮ್ಮ ಕೈಯೇ ಸಾಕು. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ ಒಂದು ಡಿಗ್ರಿ. ಚಂದ್ರನ ಅಗಲ ಅರ್ಧ ಡಿಗ್ರಿ, ಎಂದರೆ ಕಿರುಬೆರಳು ಅದನ್ನು ಪೂರ್ತಿ ಮರೆಮಾಡಿ ಇನ್ನೂ ಮಿಗುತ್ತದೆ. ನಂಬದವರು ಬರುವ ಹುಣ್ಣಿಮೆಗೆ ಬೆರಳು ಹಿಡಿದು ನೋಡಬಹುದು.

ಪ್ರಶ್ನೆ: 2023ರ ಮಾರ್ಚ್ 24ರ ಸಂಜೆ ಚಂದ್ರನ ಕೆಳಗೆ ಶುಕ್ರನನ್ನು ಪೋಣಿಸಿದಂತೆ ಕಂಡಿತ್ತು. ಅದೇ ತಾರೀಖಿನ ಸಂಜೆ ಕ್ಯಾಲಿಫೋರ್ನಿಯಾದಲ್ಲಿರುವ ಮಗಳು ತೆಗೆದು ಕಳಿಸಿದ ಚಿತ್ರದಲ್ಲಿ ಚಂದ್ರ ಬಹಳ ಮೇಲಿದೆ, ಶುಕ್ರ ಬಹಳ ಕೆಳಗಿದೆ. ಇಬ್ಬರೂ ನೋಡಿದ್ದು ಒಂದೇ ಚಂದ್ರನನ್ನಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ಚಂದ್ರ ಒಂದೇ, ಹೊತ್ತು ಬೇರೆ. ಚಂದ್ರ ನಕ್ಷತ್ರಗಳ ನಡುವೆ ದಿನಕ್ಕೆ ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿಯುತ್ತದೆ, ಒಂದು ಗಂಟೆಗೆ ತನ್ನದೇ ಅಗಲದಷ್ಟು. ನಿಮ್ಮ ಸಂಜೆ ಕಳೆದು 13 ಗಂಟೆಯ ನಂತರ ಕ್ಯಾಲಿಫೋರ್ನಿಯಾಕ್ಕೆ ಸಂಜೆಯಾಯಿತು. ಅಷ್ಟರಲ್ಲಿ ಚಂದ್ರ ಶುಕ್ರನನ್ನು ಬಿಟ್ಟು ಆರೇಳು ಡಿಗ್ರಿ ಮುಂದೆ ಹೋಗಿತ್ತು, ಸಂಜೆಯ ಪಶ್ಚಿಮಾಕಾಶದಲ್ಲಿ ಪೂರ್ವಕ್ಕೆ ಹೋಗುವುದೆಂದರೆ ಮೇಲಕ್ಕೆ ಏರುವುದು. ನೀವು ನೋಡುವುದಕ್ಕೆ ಸ್ವಲ್ಪ ಮೊದಲು, ಭಾರತದ ಹಲವು ಕಡೆ ಆ ಶುಕ್ರ ಚಂದ್ರನ ಹಿಂದೆ ಮರೆಯಾಗಿ ಹೊರಬಂದಿತ್ತು. ಅದಕ್ಕೇ ಅಷ್ಟು ಅಂಟಿಕೊಂಡಂತೆ ಕಂಡದ್ದು.

2008ರ ಡಿಸೆಂಬರ್ 1 ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ. ಆ ಸಂಜೆ ನಮ್ಮಲ್ಲಿ ಶುಕ್ರ ಮತ್ತು ಗುರು ಮೇಲೆ ಎರಡು ಕಣ್ಣುಗಳಂತೆ, ಚಂದ್ರ ಕೆಳಗೆ ನಗುವ ಬಾಯಿಯಂತೆ ಕಂಡವು, ಮರುದಿನದ ಪತ್ರಿಕೆಗಳಲ್ಲಿ ಆ ಚಿತ್ರವೇ. ಕೆಲವು ಗಂಟೆ ಕಳೆದು ಯೂರೋಪಿನಲ್ಲಿ ಕತ್ತಲಾದಾಗ ಚಂದ್ರ ಶುಕ್ರನನ್ನೇ ಮರೆಮಾಡಿತು. ಅಮೆರಿಕದಲ್ಲಿ ಸಂಜೆಯಾದಾಗ ಚಂದ್ರ ಆ ಜೋಡಿಯನ್ನು ದಾಟಿ ಮೇಲಿತ್ತು. ಒಂದು ಸಂಜೆ ಜಗತ್ತನ್ನು ಸುತ್ತುವಷ್ಟರಲ್ಲಿ ಮುಖ ಅಳಿಸಿಹೋಗಿತ್ತು. ಆದ್ದರಿಂದ ಅಂತರ್ಜಾಲದಲ್ಲಿ ಸಿಗುವ ಅಮೆರಿಕದ ಚಿತ್ರಪಟವನ್ನು ನಂಬಿ ನಮ್ಮಲ್ಲೂ ಹಾಗೇ ಕಾಣಬೇಕೆಂದು ನಿರೀಕ್ಷಿಸಬಾರದು. ದಕ್ಷಿಣ ಗೋಳಾರ್ಧದ ಮೆಲ್ಬರ್ನಿನಲ್ಲಿ ಬಂಧುಗಳಿದ್ದರೆ ಅವರಿಂದಲೂ ಚಿತ್ರ ತರಿಸಿಕೊಳ್ಳಿ, ಅಲ್ಲಿ ಚಂದ್ರನ ಬೆಳಗಿದ ಬದಿ ನಮ್ಮಲ್ಲಿಗಿಂತ ಬೇರೆ ಕಡೆಗೆ ವಾಲಿರುತ್ತದೆ.

ಈ ಚಲನೆಯೇ ನೋಡಬೇಕಾದ ಸಂಗತಿ ಎಂದು ಎಲ್ಲ ಓದುಗರಿಗೂ ಒತ್ತಿ ಹೇಳಬಯಸುತ್ತೇನೆ. ಯುತಿಯ ದಿನ ಒಂದೇ ಸಲ ನೋಡಿ ಒಳಗೆ ಬಂದವರಿಗೆ ಒಂದು ಚಿತ್ರ ಮಾತ್ರ ದಕ್ಕುತ್ತದೆ. ಹಿಂದಿನ ದಿನ ಚಂದ್ರ ಗ್ರಹಕ್ಕಿಂತ ಒಂದು ಮುಷ್ಟಿ ಕೆಳಗಿದ್ದದ್ದನ್ನೂ, ಮರುದಿನ ಒಂದು ಮುಷ್ಟಿ ಮೇಲೇರಿದ್ದನ್ನೂ ನೋಡಿದವರು, ಚಂದ್ರ ಭೂಮಿಯನ್ನು ಸುತ್ತುವುದನ್ನು ಪುಸ್ತಕದ ಹಂಗಿಲ್ಲದೆ ಸ್ವತಃ ಕಂಡಿರುತ್ತಾರೆ. ಒಂದು ಕಾಗದದ ಮೇಲೆ ದಿಗಂತದ ಗೆರೆ ಎಳೆದು, ಎದುರಿನ ತೆಂಗಿನ ಮರವನ್ನೋ ನೀರಿನ ಟ್ಯಾಂಕನ್ನೋ ಗುರುತು ಮಾಡಿಕೊಂಡು, ಪ್ರತಿದಿನ ಒಂದೇ ಹೊತ್ತಿಗೆ ಚಂದ್ರ ಮತ್ತು ಗ್ರಹದ ಸ್ಥಾನವನ್ನು ಚುಕ್ಕಿ ಇಟ್ಟು ತಾರೀಖು ಬರೆಯಿರಿ. ಪತ್ರಿಕೆಯಲ್ಲಿ ಬರುವ ಯುತಿಯ ನಿಖರ ಸಮಯ ನಮ್ಮ ಹಗಲಿಗೋ ನಡುರಾತ್ರಿಗೋ ಬೀಳುವುದು ಸಾಮಾನ್ಯ. ಆಗಲೂ ಅದರ ಹಿಂದುಮುಂದಿನ ಎರಡು ಸಂಜೆಗಳು ನಮ್ಮ ಕೈಯಲ್ಲೇ ಇರುತ್ತವೆ.

ಪ್ರಶ್ನೆ: 1962ರಲ್ಲಿ ಅಷ್ಟಗ್ರಹ ಕೂಟವೆಂದು ಊರೂರಲ್ಲಿ ಹೋಮ, ಭಜನೆ ನಡೆದದ್ದು ನನಗೆ ಚೆನ್ನಾಗಿ ನೆನಪಿದೆ, ಆಗ ನಾನು ಶಾಲಾ ಬಾಲಕ. ಈಗ ‘ಗ್ರಹಗಳ ಮೆರವಣಿಗೆ’ ಎಂಬ ಸುದ್ದಿ ಬಂದಾಗಲೆಲ್ಲ ಮನೆಯವರು ಅಂಜುತ್ತಾರೆ. ಇವುಗಳಿಂದ ಭೂಮಿಗೆ ಏನಾದರೂ ಆಗುತ್ತದೆಯೇ?
– ಹಿರಿಯ ಓದುಗರು, ಹಾಸನ

ಉತ್ತರ: ಏನೂ ಆಗುವುದಿಲ್ಲ, ನೀವು ಮನೆಯವರಿಗೆ ಧೈರ್ಯವಾಗಿ ಹೇಳಬಹುದು. 1962ರ ಫೆಬ್ರುವರಿ 3ರಿಂದ 5ರವರೆಗೆ ಸೂರ್ಯ, ಚಂದ್ರ, ಬುಧ, ಶುಕ್ರ, ಮಂಗಳ, ಗುರು, ಶನಿ ಇವೆಲ್ಲವೂ ಮಕರ ರಾಶಿಯಲ್ಲಿ ಸೇರಿದ್ದವು. ಕೇತುವನ್ನೂ ಎಣಿಸಿ ಎಂಟು ಎಂದರು. ದೇಶದಾದ್ಯಂತ ಜನ ಪ್ರಳಯದ ಭಯದಲ್ಲಿ ಆ ದಿನಗಳನ್ನು ಕಳೆದರು. ಅಷ್ಟೊಂದು ಹೆದರಿಸಿದ ಆ ಕೂಟವನ್ನು ನಮ್ಮಲ್ಲಿ ಯಾರೂ ಕಣ್ಣಾರೆ ನೋಡಲಿಲ್ಲ. ಗ್ರಹಗಳೆಲ್ಲ ಸೂರ್ಯನ ಆಸುಪಾಸಿನಲ್ಲೇ ಇದ್ದುದರಿಂದ ಹಗಲಿನ ಬೆಳಕಿನಲ್ಲಿ ಅಡಗಿದ್ದವು. ಫೆಬ್ರುವರಿ 5ರ ಪೂರ್ಣ ಸೂರ್ಯಗ್ರಹಣ ನ್ಯೂಗಿನಿ ಮತ್ತು ಪೆಸಿಫಿಕ್ ಸಾಗರದ ಮೇಲೆ ಹಾದುಹೋಯಿತು. 2000ದ ಮೇ 5ರಂದು ಇಂಥದೇ ಇನ್ನೊಂದು ಕೂಟ ಹೀಗೇ ಅಗೋಚರವಾಗಿ ಕಳೆಯಿತು.

ಸಮುದ್ರದ ಉಬ್ಬರವಿಳಿತಕ್ಕೆ ಕಾರಣವಾಗುವ ಸೆಳೆತವನ್ನೇ ತೆಗೆದುಕೊಳ್ಳಿ. ಈ ಪ್ರಭಾವ ದೂರ ಹೆಚ್ಚಿದಂತೆ ಬಹಳ ವೇಗವಾಗಿ ಕುಗ್ಗುತ್ತದೆ: ದೂರ ಎರಡು ಪಟ್ಟಾದರೆ ಪ್ರಭಾವ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಭೂಮಿಗೆ ಎಲ್ಲಕ್ಕಿಂತ ಹತ್ತಿರ ಬರುವ ಗ್ರಹ ಶುಕ್ರ, ಅದು ನಾಲ್ಕು ಕೋಟಿ ಕಿಲೋಮೀಟರ್ ದೂರಕ್ಕೆ ಬಂದು ನಿಂತಾಗಲೂ ಅದರ ಪ್ರಭಾವ ಚಂದ್ರನದರ ಹತ್ತು ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ. ದಿನವೂ ಚಂದ್ರನ ಸೆಳೆತದಲ್ಲಿ ಬದುಕುತ್ತಿರುವ ನಮಗೆ ಇದು ಲೆಕ್ಕಕ್ಕೇ ಬರುವುದಿಲ್ಲ.

‘ಮೆರವಣಿಗೆ’ಯ ಸುದ್ದಿಯ ಬಗ್ಗೆಯೂ ಒಂದು ಮಾತು. ಗ್ರಹಗಳು ಬಹುತೇಕ ಒಂದೇ ಸಮತಲದಲ್ಲಿ ಸೂರ್ಯನನ್ನು ಸುತ್ತುವುದರಿಂದ ಅವು ಯಾವಾಗಲೂ ಕ್ರಾಂತಿವೃತ್ತದ ಸಾಲಿನಲ್ಲೇ ಕಾಣುತ್ತವೆ, ಸಾಲಾಗಿ ನಿಲ್ಲುವುದು ವಿಶೇಷವಲ್ಲ. 2025ರ ಜನವರಿಯಲ್ಲಿ ಸುದ್ದಿಯಾದಾಗ ಶುಕ್ರ ಮತ್ತು ಶನಿ ಪಶ್ಚಿಮದಲ್ಲಿ, ಗುರು ನೆತ್ತಿಯ ಕಡೆಗೆ, ಮಂಗಳ ಪೂರ್ವದಲ್ಲಿ ಇದ್ದವು. ಇಡೀ ಆಕಾಶದಲ್ಲಿ ಹರಡಿದ್ದ ಅವುಗಳನ್ನು ಒತ್ತಾಗಿ ಜೋಡಿಸಿ ಬಿಡಿಸಿದ ಚಿತ್ರಗಳನ್ನು ನೋಡಿ ಹೊರಬಂದ ಮಕ್ಕಳು ನಿರಾಸೆಪಟ್ಟರು. ಅಂಥ ಚಿತ್ರಗಳನ್ನು ಹಂಚುವವರು ಮಕ್ಕಳ ಕುತೂಹಲಕ್ಕೆ ಅನ್ಯಾಯ ಮಾಡುತ್ತಿದ್ದಾರೆ.

ಪ್ರಶ್ನೆ: ಗಣೇಶ ಚೌತಿಯ ದಿನವೇ ಚಂದ್ರನ ಪಕ್ಕದಲ್ಲಿ ಗ್ರಹವೊಂದು ಇದ್ದರೆ ನೋಡಬಾರದೇ? ಮನೆಯಲ್ಲಿ ಅಜ್ಜಿ ಬಿಡುವುದಿಲ್ಲ.
– ಕಾಲೇಜು ವಿದ್ಯಾರ್ಥಿನಿ, ಕುಂದಾಪುರ

ಉತ್ತರ: ಅಜ್ಜಿಯ ಮನಸ್ಸು ನೋಯಿಸಬೇಡಿ. ಹಿಂದಿನ ದಿನ ತದಿಗೆ, ಗೌರಿ ಹಬ್ಬ, ಮರುದಿನ ಪಂಚಮಿ. ಆ ಎರಡೂ ಸಂಜೆ ನೋಡಿದರೆ ಚಂದ್ರ ಗ್ರಹವನ್ನು ಹೇಗೆ ದಾಟಿತೆಂಬುದು ತಾನಾಗಿ ತಿಳಿಯುತ್ತದೆ. ಭಾದ್ರಪದದಲ್ಲಿ ಕರಾವಳಿಯ ಮೋಡವೇ ಅಜ್ಜಿಗಿಂತ ದೊಡ್ಡ ಅಡ್ಡಿ, ಬಿಡುವು ಸಿಕ್ಕ ಸಂಜೆಯನ್ನು ಬಿಡಬೇಡಿ.

ಪ್ರಶ್ನೆ: ಬೈನಾಕ್ಯುಲರ್ ಅಥವಾ ಟೆಲಿಸ್ಕೋಪ್ ಬೇಕೇ? ಮೊಬೈಲಿನಲ್ಲಿ ತೆಗೆದರೆ ಚಂದ್ರ ಬಿಳಿಯ ಉಂಡೆಯಾಗಿ ಬರುತ್ತದೆ, ಏನು ಮಾಡಬೇಕು?
– ಮೈಸೂರು, ಕಲಬುರಗಿ ಮತ್ತು ಚಿಕ್ಕಬಳ್ಳಾಪುರದ ಓದುಗರು

ಉತ್ತರ: ಚಂದ್ರ ಮತ್ತು ಗ್ರಹಗಳ ಕೂಟಕ್ಕೆ ಬರಿಗಣ್ಣೇ ಮುಖ್ಯ ಸಾಧನ. ಏಕೆಂದರೆ ಐದಾರು ಡಿಗ್ರಿ ಹರಡಿರುವ ನೋಟವನ್ನು ಟೆಲಿಸ್ಕೋಪ್ ಒಟ್ಟಾಗಿ ತೋರಿಸಲಾರದು. 7×50 ಅಥವಾ 10×50 ಅಳತೆಯ ಬೈನಾಕ್ಯುಲರ್ ಇದ್ದರೆ ಬಹಳ ಲಾಭ. ಗುರುವಿನ ಪಕ್ಕದಲ್ಲಿ, 1610ರ ಜನವರಿಯಲ್ಲಿ ಗೆಲಿಲಿಯೋ ಗುರುತಿಸಿದ ಉಪಗ್ರಹಗಳು ಚುಕ್ಕಿಗಳಾಗಿ ಕಾಣುತ್ತವೆ. ಶುಕ್ರ ಭೂಮಿಗೆ ಸಮೀಪಿಸಿರುವ ವಾರಗಳಲ್ಲಿ ಅದೂ ಪುಟ್ಟ ಚಂದ್ರನಂತೆ ಬಾಗಿರುವುದನ್ನು ಕೈ ಅಲುಗದಂತೆ ಹಿಡಿದರೆ ನೋಡಬಹುದು. ಶನಿಯ ಬಳೆ ಕಾಣಲು ಮಾತ್ರ 25 ಪಟ್ಟಿಗಿಂತ ಹೆಚ್ಚು ವರ್ಧಿಸುವ ಟೆಲಿಸ್ಕೋಪ್ ಬೇಕು. ಕೊಳ್ಳುವ ಮೊದಲು ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದಲ್ಲೋ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯದಲ್ಲೋ ಆಕಾಶ ವೀಕ್ಷಣೆಯ ಕಾರ್ಯಕ್ರಮವಿದೆಯೇ ಎಂದು ವಿಚಾರಿಸಿ. ಸೂರ್ಯ ಪೂರ್ತಿ ಮುಳುಗುವವರೆಗೆ ಯಾವ ಮಸೂರವನ್ನೂ ಪಶ್ಚಿಮದತ್ತ ತಿರುಗಿಸಬೇಡಿ. ಬುಧನನ್ನು ಹುಡುಕುವ ಆತುರದಲ್ಲಿ ಒಂದು ಕ್ಷಣ ಸೂರ್ಯ ಮಸೂರದೊಳಗೆ ಬಿದ್ದರೂ ಕಣ್ಣು ಹೋಗುತ್ತದೆ, ಇದರಲ್ಲಿ ರಿಯಾಯಿತಿ ಇಲ್ಲ.

ಮೊಬೈಲಿನ ಚಿತ್ರಕ್ಕೆ ಕತ್ತಲಾಗುವವರೆಗೆ ಕಾಯುವುದೇ ತೊಂದರೆಯ ಮೂಲ. ಸೂರ್ಯಾಸ್ತವಾಗಿ 25ರಿಂದ 40 ನಿಮಿಷದೊಳಗೆ, ಆಕಾಶದಲ್ಲಿ ಇನ್ನೂ ನೀಲಿಯಿರುವಾಗ ತೆಗೆಯಿರಿ. ಮೊಬೈಲನ್ನು ಟ್ರೈಪಾಡಿಗೋ ಗೋಡೆಗೋ ಒರಗಿಸಿ, ಪರದೆಯ ಮೇಲೆ ಚಂದ್ರನನ್ನು ಮುಟ್ಟಿ, ಬೆಳಕಿನ ಗುರುತನ್ನು ಕೆಳಕ್ಕೆ ಎಳೆಯಿರಿ, ಕೈ ತಾಗಿ ಅಲುಗದಂತೆ ಟೈಮರ್ ಬಳಸಿ. ಚಂದ್ರನ ತೆಳು ಕೋಡಿನ ಜೊತೆಗೆ ಅದರ ಕತ್ತಲ ಭಾಗವೂ ಮಂಕಾಗಿ ಮೂಡಿದರೆ ಚಿತ್ರ ಗೆದ್ದಂತೆ. ಆ ಮಂಕು ಬೆಳಕು ಭೂಮಿಯದು. ನಮ್ಮ ಮೋಡ ಮತ್ತು ಸಾಗರಗಳಿಂದ ಚಿಮ್ಮಿದ ಸೂರ್ಯನ ಬೆಳಕು ಚಂದ್ರನನ್ನು ತಲುಪಿ ಮರಳಿ ಬರುತ್ತದೆ. 16ನೇ ಶತಮಾನದ ಆರಂಭದಲ್ಲೇ ಲಿಯೊನಾರ್ಡೊ ಡ ವಿಂಚಿ ಇದಕ್ಕೆ ಸರಿಯಾದ ವಿವರಣೆ ಬರೆದಿಟ್ಟಿದ್ದ.

ಪ್ರಶ್ನೆ: ಮುಂದಿನ ವರ್ಷಗಳಲ್ಲಿ ತಪ್ಪಿಸಿಕೊಳ್ಳಬಾರದ ಸಂಜೆಗಳು ಯಾವುವು?
– ಓದುಗರು, ಬಳ್ಳಾರಿ

ಉತ್ತರ: ಎರಡನ್ನು ಹೇಳುತ್ತೇನೆ. ಶುಕ್ರ ಎಂಟು ವರ್ಷಕ್ಕೊಮ್ಮೆ ಬಹುಮಟ್ಟಿಗೆ ಅದೇ ತಾರೀಖಿಗೆ ಆಕಾಶದ ಅದೇ ಜಾಗಕ್ಕೆ ಮರಳುತ್ತದೆ. 2012ರ ಮತ್ತು 2020ರ ಏಪ್ರಿಲ್ ಮೊದಲ ವಾರ ಅದು ಕೃತ್ತಿಕೆಯ ನಕ್ಷತ್ರಗುಚ್ಛವನ್ನು ಹಾದುಹೋಯಿತು, ಮುಂದಿನ ಸರದಿ 2028ರ ಏಪ್ರಿಲ್ ಮೊದಲ ವಾರ. ಬೈನಾಕ್ಯುಲರಿಗೆ ಇದಕ್ಕಿಂತ ಚೆಂದದ ನೋಟ ಸಿಗುವುದು ಕಷ್ಟ.

ಇನ್ನೊಂದು 2040ರ ಸೆಪ್ಟೆಂಬರ್ 8. ಬುಧ, ಶುಕ್ರ, ಮಂಗಳ, ಗುರು, ಶನಿ ಐದೂ ಕನ್ಯಾ ನಕ್ಷತ್ರಪುಂಜದಲ್ಲಿ, ಚಾಚಿದ ಒಂದು ಮುಷ್ಟಿಯ ಅಗಲದೊಳಗೆ ಸೇರಿ, ಜೊತೆಗೆ ತೆಳು ಚಂದ್ರನೂ ಇರುತ್ತದೆ. 1962ರ ಕೂಟದಂತೆ ಇದು ಹಗಲಿನಲ್ಲಿ ಅಡಗಿರುವುದಿಲ್ಲ, ಸಂಜೆಯ ಪಶ್ಚಿಮದಲ್ಲಿ ಕಾಣುತ್ತದೆ. ಆದರೆ ಸೆಪ್ಟೆಂಬರಿನ ಕ್ರಾಂತಿವೃತ್ತ ಸ್ವಲ್ಪ ಓರೆಯಾದುದರಿಂದ ದಿಗಂತ ಚೆನ್ನಾಗಿ ತೆರೆದಿರಬೇಕು, ಮಳೆಗಾಲದ ಮೋಡವನ್ನೂ ಎಣಿಸಬೇಕು. ಬಳ್ಳಾರಿಯ ಬಯಲಿನವರಿಗೆ ಮಲೆನಾಡಿನವರಿಗಿಂತ ಅವಕಾಶ ಹೆಚ್ಚು. ಚಂದ್ರ ಆ ಗುಂಪಿನಲ್ಲಿರುವುದು ಒಂದೆರಡು ಸಂಜೆ ಮಾತ್ರ, ಗ್ರಹಗಳು ಹಲವು ದಿನ ಜೊತೆಗಿರುತ್ತವೆ. ಅದೇ ವರ್ಷದ ಅಕ್ಟೋಬರ್ ಕೊನೆಗೆ ಗುರು ಮತ್ತು ಶನಿಯ ಮುಂದಿನ ಮಹಾಯುತಿ ಬರುತ್ತದೆ. ಅಷ್ಟು ಹೊತ್ತಿಗೆ ಆ ಜೋಡಿ ಬೆಳಗಿನ ಪೂರ್ವಾಕಾಶಕ್ಕೆ ಹೋಗಿರುವುದರಿಂದ ಅದನ್ನು ನೋಡಲು ಸೂರ್ಯೋದಯಕ್ಕೆ ಮುಂಚೆ ಏಳಬೇಕಾಗುತ್ತದೆ.